ಮಗ ಕರೆದ ಪ್ರವಾಸ, ಮನಸ್ಸು ಒಪ್ಪದ ಖರ್ಚು

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ವಯಸ್ಸು 63. ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಅಮೆರಿಕದಲ್ಲಿರುವ ಮಗ, ಸೊಸೆ ಬರುವ ಜೂನ್‌ನಲ್ಲಿ ನನ್ನನ್ನು ಪೆರು ದೇಶಕ್ಕೆ ಕರೆದುಕೊಂಡು ಹೋಗಲು ಎಲ್ಲ ಏರ್ಪಾಡು ಮಾಡಿದ್ದಾರೆ. ಮಾಚು ಪಿಚು, ಇಂಕಾ ಜನರ ಹಳೆಯ ಊರುಗಳು, ದೊಡ್ಡ ಹೋಟೆಲು, ನಮಗೇ ಅಂತ ಒಬ್ಬ ಗೈಡು, ಕಾರು. ಒಂದು ರಾತ್ರಿಯ ಬಾಡಿಗೆ ನನ್ನ ತಿಂಗಳ ಪಿಂಚಣಿಗಿಂತ ಹೆಚ್ಚು. ಯಜಮಾನರು ಬದುಕಿಡೀ ಸ್ಲೀಪರ್ ಕ್ಲಾಸಿನಲ್ಲೇ ಓಡಾಡಿದವರು. ಅವರಿಲ್ಲದ ಮೇಲೆ ನಾನು ಹೀಗೆ ಮೆರೆಯುವುದೇ? ನೆಂಟರು ‘ನಿಮಗೇನಮ್ಮ, ಪುಣ್ಯವಂತರು’ ಎಂದಾಗ ನಾಚಿಕೆಯಾಗುತ್ತದೆ. ಅಲ್ಲಿ ಉಸಿರಾಟಕ್ಕೆ ಕಷ್ಟ ಎಂದೂ ಕೇಳಿದ್ದೇನೆ. ಮಂಡಿ ನೋವಿದೆ. ಮಗನಿಗೆ ಬೇಡ ಎನ್ನಲು ಬಾಯಿ ಬರುತ್ತಿಲ್ಲ, ಹೂಂ ಎನ್ನಲು ಮನಸ್ಸು ಬರುತ್ತಿಲ್ಲ. ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಮಾಡಿದ ಒಂದು ಗುಣಾಕಾರವಿದೆ. ಡಾಲರನ್ನು ರೂಪಾಯಿ ಮಾಡಿ, ರಾತ್ರಿಗಳ ಲೆಕ್ಕದಿಂದ ಗುಣಿಸಿ, ಬಂದ ಮೊತ್ತದ ಮೇಲೆ ಎರಡು ಸಲ ಗೀಟು ಎಳೆದಿದ್ದೀರಿ. ಕಾಗದ ಹರಿಯುವಷ್ಟು ಒತ್ತಿ ಎಳೆದ ಗೀಟು. ನೀವು ಎಷ್ಟು ಸಂಕಟಪಡುತ್ತಿದ್ದೀರಿ ಎಂಬುದು ನನಗೆ ಅಲ್ಲೇ ಗೊತ್ತಾಯಿತು.

ಮೊದಲು ಒಂದು ಮಾತು. ನಿಮಗೆ ಹೀಗೆ ಅನಿಸುವುದರಲ್ಲಿ ತಪ್ಪೇನೂ ಇಲ್ಲ. ಸಂಬಳದಲ್ಲಿ ಉಳಿಸಿ, ಮನೆ ಕಟ್ಟಿ, ಮಗನನ್ನು ಓದಿಸಿದ ಇಬ್ಬರಿಗೆ ಪ್ರತಿ ರೂಪಾಯಿಯ ಬೆಲೆಯೂ ಗೊತ್ತಿರುತ್ತದೆ. ಆ ಅಭ್ಯಾಸ ಒಂದು ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ಬಿಟ್ಟುಹೋಗುವುದಿಲ್ಲ. ಜೊತೆಗೆ, ಇಷ್ಟು ದೊಡ್ಡ ಸಂತೋಷವೊಂದು ಯಜಮಾನರಿಲ್ಲದೆ ಬಂದಿರುವುದು ಇದೇ ಮೊದಲಿರಬೇಕು. ಸಂಗಾತಿಯನ್ನು ಕಳೆದುಕೊಂಡವರಿಗೆ ಮೊದಲ ಹಬ್ಬದ ಅಡುಗೆ, ಮೊದಲ ಮದುವೆ ಮನೆ, ಮೊದಲು ಉಟ್ಟ ಹೊಸ ಸೀರೆ, ಎಲ್ಲವೂ ಚುಚ್ಚುತ್ತವೆ. ಖುಷಿಯಾದ ಕ್ಷಣವೇ ‘ಅವರನ್ನು ಮರೆತೆನೇ’ ಎಂಬ ಭಯ ಹುಟ್ಟುತ್ತದೆ. ನೀವು ಮರೆತಿಲ್ಲ. ಮರೆತಿದ್ದರೆ ಸ್ಲೀಪರ್ ಕ್ಲಾಸಿನ ನೆನಪು ಈ ಪತ್ರದೊಳಗೆ ಬರುತ್ತಿರಲಿಲ್ಲ.

‘ಮೆರೆಯುವುದು’ ಎಂದು ನೀವು ಬರೆದಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗಂಡ ಹೋದವಳು ಬಣ್ಣದ ಸೀರೆ ಉಡಬಾರದು, ಊರೂರು ತಿರುಗಬಾರದು ಎಂಬ ಕಟ್ಟಳೆ ನಮ್ಮ ನಡುವೆ ಇನ್ನೂ ಪೂರ್ತಿ ಸತ್ತಿಲ್ಲ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ನೆಂಟರ ಒಂದು ನೋಟಕ್ಕೇ ಅದು ಜೀವ ಪಡೆಯುತ್ತದೆ. ನಿಮ್ಮ ನಾಚಿಕೆಯಲ್ಲಿ ಒಂದು ಪಾಲು ಅದರದ್ದು. ಅದನ್ನು ಹೊತ್ತುಕೊಳ್ಳುವ ಅಗತ್ಯ ನಿಮಗಿಲ್ಲ. ನೆಂಟರು ಕೇಳಿದರೆ ‘ಹೌದು, ಮಗ ಕರೆದುಕೊಂಡು ಹೋಗ್ತಿದ್ದಾನೆ’ ಎಂದು ಅಲ್ಲಿಗೇ ನಿಲ್ಲಿಸಿ. ಹೋಟೆಲಿನ ಬಾಡಿಗೆ, ಟಿಕೆಟ್ ದರ ಯಾವುದನ್ನೂ ಅವರಿಗೆ ಹೇಳಬೇಕಾಗಿಲ್ಲ.

ನಿಮ್ಮೊಳಗೆ ಮೂರು ವಿಷಯ ಸಿಕ್ಕುಬಿದ್ದಿವೆ: ಯಜಮಾನರ ನೆನಪಿನ ದುಃಖ, ದುಡ್ಡಿನ ಸಂಕೋಚ, ದೇಹದ ಭಯ. ಒಟ್ಟಿಗೆ ನೋಡಿದಾಗ ‘ಬೇಡವೇ ಬೇಡ’ ಎನಿಸುತ್ತದೆ. ಒಂದೊಂದಾಗಿ ಬಿಡಿಸಿ ನೋಡೋಣ.

ದೇಹದ ಭಯಕ್ಕೆ ಆಧಾರವಿದೆ, ಅದನ್ನು ನೀವು ಗಂಭೀರವಾಗಿ ತೆಗೆದುಕೊಂಡಿದ್ದು ಒಳ್ಳೆಯದೇ ಆಯಿತು. ಇಂಕಾ ರಾಜಧಾನಿಯಾಗಿದ್ದ ಕುಸ್ಕೊ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಮಾಚು ಪಿಚು ಅದಕ್ಕಿಂತ ಸುಮಾರು ಸಾವಿರ ಮೀಟರ್ ಕೆಳಗೆ, 2,430 ಮೀಟರಿನಲ್ಲಿದೆ. ಬಹಳ ಜನ ಇದನ್ನು ತಿರುಗಾಮುರುಗಾ ತಿಳಿದಿರುತ್ತಾರೆ. ಸಮುದ್ರದ ದಡದ ಲಿಮಾದಿಂದ ವಿಮಾನ ಹತ್ತಿ ನೇರ ಕುಸ್ಕೊದಲ್ಲಿ ಇಳಿದಾಗ ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಾರದಿರುವುದು ಸಾಮಾನ್ಯ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹತೋಟಿಗೆ ಬರುತ್ತದೆ. ಆದ್ದರಿಂದ ಕುಸ್ಕೊದಲ್ಲಿ ಇಳಿದ ದಿನವೇ ಕಾರಿನಲ್ಲಿ ಕೆಳಗಿನ ಉರುಬಂಬಾ ಕಣಿವೆಗೆ ಹೋಗಿ, ಅಲ್ಲಿ ಎರಡು ಮೂರು ರಾತ್ರಿ ತಂಗಿ, ಆಮೇಲೆ ಮಾಚು ಪಿಚು ನೋಡಿ, ಕೊನೆಯಲ್ಲಿ ಕುಸ್ಕೊಗೆ ಮರಳುವಂತೆ ಕಾರ್ಯಕ್ರಮ ಇದೆಯೇ ಎಂದು ಮಗನನ್ನು ಕೇಳಿ. ಇಲ್ಲದಿದ್ದರೆ ಬದಲಾಯಿಸಲು ಹೇಳಿ. ಕಣಿವೆ ಸುಮಾರು 2,800 ಮೀಟರಿನಲ್ಲಿದೆ, ಅಲ್ಲಿ ದೇಹ ಸುಧಾರಿಸಿಕೊಳ್ಳುತ್ತದೆ. ಮೊದಲ ದಿನ ಏನೂ ನೋಡಬೇಡಿ. ನೀರು ಕುಡಿಯಿರಿ, ಹಗುರವಾಗಿ ಉಣ್ಣಿ, ಮಲಗಿ. ಕೂತಲ್ಲೇ ಏದುಸಿರು, ಮಾತಿನಲ್ಲಿ ಗೊಂದಲ, ತೂರಾಡುವ ನಡಿಗೆ, ಇವುಗಳಲ್ಲಿ ಒಂದು ಕಂಡರೂ ಸಹಿಸಿಕೊಂಡು ಕೂರುವಂತಿಲ್ಲ. ಕೂಡಲೇ ಹೇಳಿ, ಕೆಳಗಿಳಿಯಬೇಕು. ‘ಮಕ್ಕಳ ಖುಷಿ ಹಾಳಾಗುತ್ತೆ’ ಎಂದು ಮುಚ್ಚಿಡುವ ಅಮ್ಮಂದಿರನ್ನು ನಾನು ಬಲ್ಲೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ದುಡ್ಡಿನ ವಿಷಯ. ನಿಮ್ಮ ವಯಸ್ಸಿನಲ್ಲಿ, ಆ ಎತ್ತರದಲ್ಲಿ, ಈ ಖರ್ಚಿನ ದೊಡ್ಡ ಪಾಲು ಹೋಗುವುದು ಆತುರವಿಲ್ಲದೆ ಓಡಾಡುವ ಅನುಕೂಲಕ್ಕೆ. ಗುಂಪಿನ ಬಸ್ಸು ನಿಮಗಾಗಿ ಕಾಯುವುದಿಲ್ಲ. ನಿಮಗೇ ಅಂತ ಬಂದ ಗೈಡು ಕಾಯುತ್ತಾನೆ. ನಾಲ್ಕು ದಿನದ ಇಂಕಾ ಕಾಲುದಾರಿ 4,200 ಮೀಟರ್ ದಾಟುತ್ತದೆ. ಅದು ನಿಮಗೆ ಬೇಕಿಲ್ಲ, ಒಲ್ಲಂಟೈಟಾಂಬೊ ಎಂಬ ಊರಿನಿಂದ ರೈಲಿದೆ. ರೈಲು ಇಳಿದ ಮೇಲೆ ಬಸ್ಸು ತಿರುವುಗಳನ್ನು ಹತ್ತಿ ಅರ್ಧ ಗಂಟೆಯೊಳಗೆ ಮಾಚು ಪಿಚುವಿನ ಬಾಗಿಲಿಗೇ ತಲುಪಿಸುತ್ತದೆ. ಒಳಗೆ ಮಾತ್ರ ಏರುಪೇರಾದ ಕಲ್ಲಿನ ಮೆಟ್ಟಿಲು, ಬಹುಪಾಲು ಕಡೆ ಹಿಡಿದುಕೊಳ್ಳಲು ಕಂಬಿಯಿಲ್ಲ. ಶೌಚಾಲಯ ಇರುವುದು ಹೊರಗಿನ ಬಾಗಿಲಿನಲ್ಲಷ್ಟೆ. ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ ಒಳಹೋಗಬೇಕೆಂಬುದು ಟಿಕೆಟ್‌ನಲ್ಲೇ ನಿಗದಿಯಾಗುತ್ತದೆ, ಆಮೇಲೆ ಬದಲಿಸುವುದು ಕಷ್ಟ. ಹತ್ತುವುದು ಕಡಿಮೆ ಇರುವ ದಾರಿಯ ಟಿಕೆಟ್ ತೆಗೆಸಿ. ತುದಿಗೆ ರಬ್ಬರ್ ಇರುವ ಊರುಗೋಲನ್ನು ವಯಸ್ಸಾದವರು ಒಳಗೆ ಒಯ್ಯಬಹುದು.

ಸಂಕೋಚ ಇಷ್ಟಕ್ಕೇ ಹೋಗುವುದಿಲ್ಲ, ಗೊತ್ತಿದೆ. ಅದನ್ನು ಸುಮ್ಮನೆ ಹೊತ್ತು ಕೂರುವ ಬದಲು ಬೇರೆ ಕೆಲಸಕ್ಕೆ ಹಚ್ಚಿ. ಈ ದುಡ್ಡಿನಲ್ಲಿ ಅಲ್ಲಿನ ಗೈಡಿಗೆ, ಡ್ರೈವರಿಗೆ ಎಷ್ಟು ಸೇರುತ್ತದೆ ಎಂದು ಪ್ರವಾಸದ ಕಂಪನಿಯನ್ನು ಕೇಳಲು ಮಗನಿಗೆ ಹೇಳಿ. ಚಿಂಚೇರೊ ಎಂಬ ಊರಿನಲ್ಲಿ ಹೆಂಗಸರು ಕುರಿ, ಅಲ್ಪಾಕಾ ಉಣ್ಣೆಗೆ ಗಿಡಮೂಲಿಕೆಯ, ಕಳ್ಳಿಯ ಮೇಲೆ ಬೆಳೆಯುವ ಕೀಟದ ಬಣ್ಣ ಹಾಕಿ ಕೂತಲ್ಲೇ ನೇಯುತ್ತಾರೆ. ಒಂದು ಶಾಲು ಕೊಂಡರೆ ನೇಯ್ದವರ ಕೈಗೇ ದುಡ್ಡು ಕೊಡಿ. ಆ ಬೆಟ್ಟದ ಊರುಗಳಲ್ಲಿ ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು ಎಂಬ ‘ಐನಿ’ ಪದ್ಧತಿ ಇಂದಿಗೂ ಇದೆ. ನಿಮ್ಮ ಮಲೆನಾಡಿನಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಿದ್ದರಲ್ಲ, ಹಾಗೇ. ಅಲ್ಲಿ ಕೊಡುವವರಷ್ಟೇ ಪಡೆಯುವವರಿಗೂ ಮರ್ಯಾದೆ. ನಿಮಗೆ ಇಷ್ಟು ವರ್ಷ ಕೊಡುವುದೊಂದೇ ರೂಢಿಯಾಗಿತ್ತು. ಮಗನಿಂದ ಪಡೆಯುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು.

ನೀವು ಸಮಾಜ ವಿಜ್ಞಾನದ ಶಿಕ್ಷಕಿ. ಈ ಭಾಗವನ್ನು ನಾನು ಆಸೆಯಿಂದಲೇ ಬರೆಯುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ಖರ್ಚಿನ ಚಿಂತೆಯೇ ತುಂಬಿದೆ, ನೀವು ಏನನ್ನು ನೋಡಲಿದ್ದೀರಿ ಎಂಬುದು ಒಂದೇ ಸಾಲಿನಲ್ಲಿ ಮುಗಿದಿದೆ. ನಮ್ಮಲ್ಲಿ ಪ್ರೌಢದೇವರಾಯ ವಿಜಯನಗರ ಆಳಿದ ಆಸುಪಾಸಿನಲ್ಲೇ ಅಲ್ಲಿ ಪಚಕೂಟಿ ಎಂಬ ದೊರೆ ಇಂಕಾ ರಾಜ್ಯವನ್ನು ಕಟ್ಟಿದ. ಮಾಚು ಪಿಚು ಅವನ ಕಾಲದ್ದು ಎನ್ನುತ್ತಾರೆ. ಕೃಷ್ಣದೇವರಾಯ ತೀರಿಕೊಂಡದ್ದು 1529ರಲ್ಲಿ. ನಾಲ್ಕೇ ವರ್ಷದ ಮೇಲೆ, 1533ರಲ್ಲಿ, ಸ್ಪೇನಿನವರು ಇಂಕಾ ದೊರೆ ಅಟಾಹುವಾಲ್ಪನನ್ನು ಕೊಂದರು. ಕಬ್ಬಿಣದ ಉಳಿಯಿಲ್ಲದೆ, ಗಾಲಿಯ ಬಂಡಿಯಿಲ್ಲದೆ ಕಲ್ಲು ಕಟ್ಟಿದ, ಲಿಪಿಯಿಲ್ಲದೆ ದಾರದ ಗಂಟುಗಳಲ್ಲೇ ಲೆಕ್ಕ ಇಟ್ಟ ಜನ ಇಂಕಾಗಳು. ಕುಸ್ಕೊದಲ್ಲಿ ಸೂರ್ಯ ದೇವಾಲಯದ ಗೋಡೆಗಳ ಮೇಲೆಯೇ ಸ್ಪೇನಿನವರು ಚರ್ಚು ಕಟ್ಟಿದರು. 1950ರ ಭೂಕಂಪದಲ್ಲಿ ಚರ್ಚಿಗೆ ತೀವ್ರ ಹಾನಿಯಾಯಿತು, ಗಾರೆಯಿಲ್ಲದೆ ಜೋಡಿಸಿದ ಇಂಕಾ ಗೋಡೆಗಳು ಕದಲದೆ ನಿಂತವು. 1911ರಲ್ಲಿ ಹೈರಮ್ ಬಿಂಗಮ್ ಎಂಬಾತ ಮಾಚು ಪಿಚು ‘ಕಂಡುಹಿಡಿದ’ ಎಂದು ಪುಸ್ತಕಗಳಲ್ಲಿ ಓದಿರುತ್ತೀರಿ. ಆತ ಹತ್ತಿ ಹೋದಾಗ ಅಲ್ಲಿ ರೈತ ಕುಟುಂಬಗಳು ಬೇಸಾಯ ಮಾಡಿಕೊಂಡಿದ್ದವು, ದಾರಿ ತೋರಿಸಿದ್ದೂ ಸ್ಥಳೀಯರೇ. ಇವನ್ನೆಲ್ಲ ಕಣ್ಣಾರೆ ನೋಡಲು ಹೋಗುವುದು ಮೆರೆಯುವುದಾದೀತೇ? ಹೊರಡುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಗೈಡಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಲೆಕ್ಕ ಮಾಡುತ್ತ ಕೂರುವ ರಾತ್ರಿಗಳಲ್ಲಿ ಆ ಪುಸ್ತಕ ತೆಗೆಯಿರಿ.

ಇನ್ನು ದುಃಖ. ಇದಕ್ಕೆ ಮಗನ ಜೊತೆಗಿನ ಮಾತೊಂದೇ ದಾರಿ. ಒಂದು ಸಾಧ್ಯತೆ ಯೋಚಿಸಿ ನೋಡಿ: ಅವನೂ ಅಪ್ಪನನ್ನು ಕಳೆದುಕೊಂಡವನು. ದೂರದ ದೇಶದಲ್ಲಿದ್ದು, ಅಪ್ಪನಿಗೆ ಏನೂ ಮಾಡಲಾಗಲಿಲ್ಲ ಎಂಬ ಕೊರಗು ಅವನಿಗೂ ಇರಬಹುದು. ‘ಅಮ್ಮನನ್ನಾದರೂ ಚೆನ್ನಾಗಿ ಕರೆದುಕೊಂಡು ಹೋಗಬೇಕು’ ಎಂದು ದೊಡ್ಡ ಹೋಟೆಲು ಹುಡುಕಿರಬಹುದು. ಇದು ನನ್ನ ಊಹೆ, ಸರಿಯೋ ತಪ್ಪೋ ನೀವು ಕೇಳಿದರಷ್ಟೇ ತಿಳಿಯುತ್ತದೆ. ಮಂಡಿ ನೋವಿನ ನೆಪ ಹೇಳಿ ತಪ್ಪಿಸಿಕೊಂಡರೆ, ಅಥವಾ ಬಾಯಿಮುಚ್ಚಿಕೊಂಡು ಹೋಗಿ ಪ್ರತಿ ಊಟಕ್ಕೂ ‘ಎಷ್ಟಾಯ್ತು’ ಎಂದು ಕೇಳಿದರೆ ಇಬ್ಬರಿಗೂ ನೋವು.

ವಿಡಿಯೊ ಕಾಲ್‌ನಲ್ಲಿ ಸೊಸೆಯೂ ಇರುವಾಗ ಈ ಮಾತು ಬೇಡ. ಅವನೊಬ್ಬನೇ ಇರುವ ಹೊತ್ತು ನೋಡಿ ಹೀಗೆ ಹೇಳಬಹುದು: “ಮಗಾ, ನೀನು ಕರೆದದ್ದು ನಂಗೆ ತುಂಬ ಖುಷಿ. ಆದರೆ ಅಪ್ಪ ಇಲ್ಲದೆ ಹೋಗೋದಕ್ಕೆ ಸಂಕಟ ಆಗ್ತಿದೆ. ಖರ್ಚು ನೋಡಿ ಎದೆ ಡವಡವ ಅನ್ನುತ್ತೆ. ಆರೋಗ್ಯದ ಭಯಾನೂ ಇದೆ. ಸಮಾಧಾನ ಹೇಳಬೇಡ, ಸುಮ್ನೆ ಕೇಳಿಸ್ಕೋ.” ಆಮೇಲೆ ಅವನಿಗೂ ಮಾತಾಡಲು ಬಿಡಿ. ಒಂದೆರಡು ರಾತ್ರಿ ಸರಳ ಹೋಟೆಲಿಗೆ ಬದಲಿಸಬಹುದೇ, ದಿನಕ್ಕೆ ಒಂದೇ ಜಾಗ ನೋಡೋಣವೇ, ಇದನ್ನೆಲ್ಲ ಆಗಲೇ ಇಬ್ಬರೂ ಕೂತು ತೀರ್ಮಾನಿಸಿ. ಎಲ್ಲ ಮಾತಾಡಿದ ಮೇಲೂ ಬೇಡವೆನಿಸಿದರೆ ಬೇಡ ಎನ್ನಿ. ಮನಸಾರೆ ಹೇಳಿದ ‘ಬೇಡ’ವನ್ನು ಮಗ ಅರ್ಥ ಮಾಡಿಕೊಳ್ಳುತ್ತಾನೆ.

ಇದನ್ನು ಓದುತ್ತಿರುವ ಮಕ್ಕಳಿಗೂ ಒಂದು ಕೋರಿಕೆ. ಅಪ್ಪ-ಅಮ್ಮನಿಗೆ ಪ್ರವಾಸದ ಉಡುಗೊರೆ ಕೊಡುವಾಗ ಬುಕ್ ಮಾಡುವ ಮೊದಲೇ ಕೇಳಿ. ಅಚ್ಚರಿಪಡಿಸುವ ಆಸೆಯಲ್ಲಿ ಅವರಿಗೆ ‘ಬೇಡ’ ಎನ್ನುವ ದಾರಿಯನ್ನೇ ಮುಚ್ಚಿಬಿಡಬೇಡಿ.

ನಿದ್ದೆ ಇಲ್ಲದ್ದು ಪ್ರವಾಸದ ಮಾತು ಶುರುವಾದ ಮೇಲೋ ಅಥವಾ ಯಜಮಾನರು ಹೋದಾಗಿನಿಂದಲೋ ಎಂದು ನೀವು ಬರೆದಿಲ್ಲ. ತಿಂಗಳುಗಟ್ಟಲೆಯಿಂದ ಇದ್ದರೆ, ಊಟ ರುಚಿಸದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲದಿದ್ದರೆ, ಅದನ್ನು ದುಃಖ ತಾನೇ ಎಂದು ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳಲೇಬೇಕೆಂದಿಲ್ಲ.

ಹೋಗುವ ಮನಸ್ಸಾದರೆ ಮೊದಲು ನಿಮ್ಮ ವೈದ್ಯರನ್ನು ಕಾಣಿ. ಬಿಪಿ, ಹೃದಯ, ರಕ್ತಹೀನತೆ ಪರೀಕ್ಷೆಯಾಗಲಿ. ಎತ್ತರದ ಜಾಗದ ತೊಂದರೆಗೆ ಕೊಡುವ ಮಾತ್ರೆ ನಿಮಗೆ ಒಗ್ಗುತ್ತದೆಯೇ ಎಂದು ಕೇಳಿ, ಔಷಧದ ಅಲರ್ಜಿ ಏನಾದರೂ ಇದ್ದರೆ ತಿಳಿಸಿ. ಪೆರುವಿನಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬರುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಕ್ವಾರಂಟೈನಿಗೆ ಕಳಿಸಬಹುದು. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಗಂಭೀರ ತೊಂದರೆಯ ಸಾಧ್ಯತೆ ಕಿರಿಯರಿಗಿಂತ ಹೆಚ್ಚು. ಹಾಗಾಗಿ ಹಾಕಿಸಿಕೊಳ್ಳುವುದೋ, ಬರುವಾಗ ಮಗನ ಮನೆಯಲ್ಲಿ ಒಂದು ವಾರಕ್ಕಿಂತ ಹೆಚ್ಚು ಉಳಿದು ಬರುವುದೋ, ವೈದ್ಯರ ಜೊತೆ ಕೂತು ತೀರ್ಮಾನಿಸಿ. ಹಾಕಿಸಿದರೆ ಪ್ರಮಾಣಪತ್ರ ಊರ್ಜಿತವಾಗಲು ಹತ್ತು ದಿನ ಬೇಕು, ಲಸಿಕೆ ಸಿಗುವುದು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಜೂನ್ ಹತ್ತಿರ ಬರುವವರೆಗೆ ಕಾಯದೆ ಈ ತಿಂಗಳೇ ಡಾಕ್ಟರ ಹತ್ತಿರ ಹೋಗಿಬನ್ನಿ.