ವೇಗದ ಗುಂಡಿ ಮಗುವಿನ ಕೈಗಿರಲಿ

ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜನವರಿ ಬಂತೆಂದರೆ ಆಮ್ಹರ್ಸ್ಟ್ ರೈಲ್ವೆ ಸೊಸೈಟಿಯ ಮಾದರಿ ರೈಲು ಪ್ರದರ್ಶನ. ಮಕ್ಕಳಿಗಂತೂ ಹಬ್ಬ.

ಇಂಥ ಕಡೆ ರೈಲು ಓಡಿಸುವ ಹವ್ಯಾಸಿಗಳ ಆತಂಕ ಸಹಜವೇ. ಎಚ್‌ಒ ಅಳತೆಯ ಎಂಜಿನ್ ಅಸಲಿ ಎಂಜಿನ್ನಿನ 87ನೇ ಒಂದು ಪಾಲು. ಹಳಿಗಳ ನಡುವಿನ ಅಂತರ ಬರೀ 16.5 ಮಿಲಿಮೀಟರ್. ಪುಟ್ಟ ಬೆರಳು ತಾಗಿದರೂ ಗಾಲಿ ಹಳಿ ತಪ್ಪಬಹುದು. ಹಾಗೆಂದು ‘ಮುಟ್ಟಬೇಡಿ’ ಎಂಬ ಫಲಕ ತೂಗುಹಾಕಿ ಸುಮ್ಮನೆ ಕೂತರೆ ಮಗು ಪಕ್ಕದ ಮೇಜಿಗೆ ಓಡುತ್ತದೆ.

ನಾಜೂಕಾದ ಮಾದರಿಯ ಪಕ್ಕದಲ್ಲೇ ಮಕ್ಕಳ ಕಥೆಗಳ ಗಟ್ಟಿಮುಟ್ಟಾದ ಥಾಮಸ್ ಎಂಜಿನ್ನಿಗೊಂದು ದುಂಡನೆಯ ಹಳಿ ಹಾಕಿ. ಎತ್ತರ ಸಾಲದವರಿಗೆ ಭದ್ರವಾದ ಮೆಟ್ಟಿಲಿರಲಿ. ವೇಗದ ಗುಂಡಿಯನ್ನು ಮಗುವೇ ತಿರುಗಿಸಲಿ, ನೀವು ಪಕ್ಕದಲ್ಲಿದ್ದರೆ ಸಾಕು.

ಡಬ್ಬಿ ಉರುಳಿತೇ? ಗದರಬೇಡಿ. ಮಗುವಿನ ಕೈಯಿಂದಲೇ ಎತ್ತಿಸಿ, ಗಾಲಿಯನ್ನು ಹಳಿಯ ಮೇಲೆ ಕೂರಿಸುವುದನ್ನು ಹೇಳಿಕೊಡಿ.