ಮಂಜಿನ ದಾರಿಗೆ ಹಳದಿಯೋ, ಬಿಳಿಯೋ?

ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರು ಕಾರಿಗೆ ಎಲ್‌ಇಡಿ ಫಾಗ್ ಲೈಟ್ ಹಾಕಿಸಲು ಹೊರಟರೆ ಮೊದಲು ಏಳುವ ಪ್ರಶ್ನೆ ಬಣ್ಣದ್ದು. ನನ್ನ ಮತ ಹಳದಿಗೆ. ಆದರೆ ಎಲ್ಲರೂ ಹೇಳುವ ಕಾರಣಕ್ಕಲ್ಲ.

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಹಾಗಾಗಿ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ತೆರನಾಗಿ ಚದುರಿಸುತ್ತವೆ. ವ್ಯತ್ಯಾಸ ಗೊತ್ತಾಗುವುದು ನಮ್ಮ ಕಣ್ಣಿಗೆ. 6000 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು; ಅದು ಮಂಜಿಗೆ ಬಡಿದು ವಾಪಸು ಬಂದಾಗ ಕಣ್ಣು ಕೋರೈಸುತ್ತದೆ. 3000 ಕೆಲ್ವಿನ್ ಆಸುಪಾಸಿನ ಹಳದಿಯಲ್ಲಿ ಆ ಕಾಟ ಕಡಿಮೆ. ಮಂಜಿಲ್ಲದ ರಾತ್ರಿಗೆ ಬಿಳಿಯೇ ಚೆನ್ನ, ಒಪ್ಪೋಣ. ಅದಕ್ಕೆ ಹೆಡ್‌ಲೈಟ್ ಇದೆಯಲ್ಲ!

ಬಣ್ಣಕ್ಕಿಂತ ಮುಖ್ಯವಾದದ್ದು ಬೆಳಕು ಬೀಳುವ ರೀತಿ. ದೀಪ ಬಂಪರಿನ ಕೆಳಭಾಗದಲ್ಲಿರಬೇಕು, ಬೆಳಕು ಅಗಲವಾಗಿ ಹರಡಿ ರಸ್ತೆಯಂಚಿನ ಬಿಳಿಗೆರೆ ತೋರಿಸಬೇಕು, ಮೇಲಕ್ಕೆ ಚಿಮ್ಮಲೇಬಾರದು. ಹ್ಯಾಲೊಜೆನ್‌ಗೆಂದು ಮಾಡಿದ ದೀಪದೊಳಗೆ ಸಿಕ್ಕಿದ ಎಲ್‌ಇಡಿ ಬಲ್ಬ್ ತುರುಕಿದರೆ ಈ ಲೆಕ್ಕವೆಲ್ಲ ತಪ್ಪಬಹುದು. ಎದುರಿನ ಬಸ್ ಚಾಲಕನ ಶಾಪ ಬೇರೆ. ಹಾಕಿಸಿದ ಮೇಲೆ ಕತ್ತಲಾದಾಗ ಗೋಡೆಯೆದುರು ಗಾಡಿ ನಿಲ್ಲಿಸಿ, ಬೆಳಕಿನ ಮೇಲಂಚು ನೇರ ಗೆರೆಯಂತೆ ದೀಪದ ಎತ್ತರಕ್ಕಿಂತ ತುಸು ಕೆಳಗೇ ನಿಲ್ಲುತ್ತದೆಯೇ ನೋಡಿ.

ಮಂಜಿನಲ್ಲಿ ಹೈಬೀಮ್ ಬೇಡವೇ ಬೇಡ. ಮಂಜು ಕರಗಿದ ಕೂಡಲೇ ಫಾಗ್ ಲೈಟನ್ನೂ ಆರಿಸಿಬಿಡಿ.