ಸೋಲಾರ್ ಹಾಕಿಸುವ ಮುನ್ನ

ಸೀತೂರಿನ ಕಡೆಯ ಬಂಧುಗಳೇ, ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾದದ್ದು ನಿಮಗೆ ಗೊತ್ತು. ಚಾವಣಿ ಸೋಲಾರ್‌ಗೆ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ. ಒಳ್ಳೆಯ ಯೋಜನೆಯೇ. ಆದರೂ ಮುಂಗಡ ಕೊಡುವ ಮುಂಚೆ ಒಂದು ವರ್ಷದ ಮೆಸ್ಕಾಂ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಕೂರಿ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ಸೋಲಾರ್‌ನಿಂದ ಬಿಲ್ಲಿನಲ್ಲಿ ಉಳಿಯುವುದು ಏನೂ ಇಲ್ಲ. ಸೋಲಾರ್ ಮಾರಲು ಬರುವವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಇನ್ನೊಂದು ಮುಖ್ಯ ವಿಷಯ. ನಮ್ಮಲ್ಲಿ ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹರಿದರೆ ದಿನಗಟ್ಟಲೆ ಕತ್ತಲೆ. ಬ್ಯಾಟರಿ ಇಲ್ಲದ, ಲೈನ್‌ಗೆ ಜೋಡಿಸಿದ ಗ್ರಿಡ್ ಸೋಲಾರ್ ಆಗ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಹಾಗೆ ಮಾಡಿರುವುದು. ಕತ್ತಲೆಗೆ ಪರಿಹಾರ ಬೇಕಿದ್ದವರು ಬ್ಯಾಟರಿ ಇರುವ ವ್ಯವಸ್ಥೆಯನ್ನೇ ಕೇಳಿ, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ತೋಟದ ಅಡಿಕೆ ಮರದ ನೆರಳು ಚಾವಣಿ ಮೇಲೆ ಎಷ್ಟು ಹೊತ್ತು ಬೀಳುತ್ತದೆ ಎಂದು ಬೆಳಗಿನಿಂದ ಸಂಜೆವರೆಗೆ ನೋಡಿ. ಹಂಚಿನ ಮನೆಯಾದರೆ ಪಕಾಸಿ, ರೀಪು ಗಟ್ಟಿ ಇವೆಯೇ ಎಂದು ಬಡಗಿಯನ್ನು ಕರೆಸಿ ತೋರಿಸಿ. ಯೋಜನೆಯಲ್ಲಿ ನೋಂದಾಯಿತ ಏಜೆನ್ಸಿಯನ್ನೇ ಹಿಡಿಯಿರಿ. ಸಹಾಯಧನ ಬರುವುದು ಕೆಲಸ ಮುಗಿದು ಪರಿಶೀಲನೆಯಾದ ಮೇಲೆ, ನಿಮ್ಮ ಬ್ಯಾಂಕ್ ಖಾತೆಗೆ. ಅಲ್ಲಿವರೆಗಿನ ಹಣಕ್ಕೆ ದಾರಿ ಮಾಡಿಕೊಂಡಿರಿ.

ಮನೆ ಹಿಂದೆ ವರ್ಷದ ಹೆಚ್ಚು ತಿಂಗಳು ಹರಿಯುವ, ಎತ್ತರದಿಂದ ಇಳಿಯುವ ಹಳ್ಳವಿದ್ದರೆ ಪುಟ್ಟ ಜಲವಿದ್ಯುತ್ ಯಂತ್ರದ ಬಗ್ಗೆಯೂ ವಿಚಾರಿಸಿ. ಸೂರ್ಯ ಮರೆಯಾಗುವ ಮಳೆಗಾಲದಲ್ಲೇ ಅದಕ್ಕೆ ಬಲ ಜಾಸ್ತಿ.